ಕೊಡೆಯ ಖರ್ಚು

ಗುರುವಾರ ಸಂಜೆ ಏಳಕ್ಕೆ
ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ನಾವು ಹದಿಮೂರು ಮಂದಿ.
ಹೊರಗೆ ಪಟಗೋನಿಯಾದ ಗಾಳಿ
ಯಾರದೋ ತಗಡಿನ ಬಾಗಿಲು ಬಡಿಯುತ್ತಲೇ ಇರುತ್ತದೆ
ತಾಳ ತಪ್ಪಿದ ಹದಿನಾಲ್ಕನೆಯವನ ಹಾಗೆ.

ಬಿಸ್ಕತ್ತಿನ ಡಬ್ಬಿ ನನ್ನ ಸುಪರ್ದಿಗೆ.
ಮುಚ್ಚಳದ ಮೇಲೆ ಯಾವುದೋ ಕೋಟೆ, ಒಳಗೆ ಪೆಸೊ:
ಚಹಾ ಮಾರಿದ್ದು, ಕಪ್ಪು ಕೇಕು ಮಾರಿದ್ದು,
ಎಲ್ವೀರಾಳ ಗಂಡ ಬಿಟ್ಟುಹೋದ ಅಕಾರ್ಡಿಯನ್
ಅವಳು ನಗುತ್ತಲೇ ಮಾರಿದ್ದು.
ಸೋಮವಾರ ಎಣಿಸಿದರೆ ಎಂಟು ಟಿಕೆಟ್ಟು,
ಗುರುವಾರ ಅದೇ ನೋಟಿಗೆ ಆರೂವರೆ.
ಅರ್ಧ ಟಿಕೆಟ್ಟಿಗೆ ಯಾರು ಎಂದೆ.
ಎಲ್ಲರೂ ಸಣಕಲು ಗ್ವೆನೊನ್ವಿಯ ಕಡೆ ನೋಡಿದರು.

ವೇಲ್ಸಿನ ಹಾಡಿನ ಹಬ್ಬ ಆಗಸ್ಟಿನಲ್ಲಿ.
ನಮಗೆ ಚಳಿ ಹೊತ್ತಿಗೆ ಅವರಿಗೆ ಬೇಸಿಗೆಯಂತೆ,
ಆ ಬೇಸಿಗೆಯಲ್ಲೂ ಮಳೆಯಂತೆ.
ಬ್ರಾಯನ್ ಫೋನು ನೋಡಿ ವಾರಕ್ಕೊಮ್ಮೆ ವರದಿ ಕೊಡುತ್ತಾನೆ:
ಇವತ್ತೂ ಬಂತು.

ಗಡಿಯಲ್ಲಿ ಕೇಳುವ ಪ್ರಶ್ನೆಗಳನ್ನೂ
ಅಭ್ಯಾಸಕ್ಕೆ ಇಟ್ಟುಕೊಂಡಿದ್ದೇವೆ. ಅಧಿಕಾರಿ ಬ್ರಾಯನ್ನೇ.
ಏಕೆ ಬಂದಿರಿ? ಹಾಡಲು.
ಎಷ್ಟು ದಿನ? ಒಂಬತ್ತು.
ಇಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೆ?
ಎರ್ಸೀಲಿಯಾ, ಎಪ್ಪತ್ತೆಂಟರ ನಮ್ಮ ಗುರು,
ಪ್ರತಿ ಸಲವೂ ಅಲ್ಲೇ ಎಡವುತ್ತಾಳೆ:
ಇದ್ದರು.
ಹಾಗೆನ್ನಬಾರದು ಅಜ್ಜಿ, ಇಲ್ಲ ಎನ್ನಬೇಕು.
ಇದ್ದರಲ್ಲ, ಅನ್ನುತ್ತಾಳೆ. ಸುಳ್ಳು ಏಕೆ ಹೇಳಲಿ?

ಕೊಡೆಯ ಮಾತು ಎತ್ತಿದವನು ಟುಡುರ್,
ಕುರಿಯ ಉಣ್ಣೆ ಕತ್ತರಿಸುವವ, ಪಾಸ್‌ಪೋರ್ಟಿಗೆ ಬೆರಳೊತ್ತಲು ಹೋದರೆ
ಯಂತ್ರಕ್ಕೆ ಗುರುತೇ ಸಿಗದಷ್ಟು ಬೆರಳು ಸವೆದವ.
ನಮ್ಮೂರಲ್ಲಿ ಕೊಡೆ ಬಿಚ್ಚಿದವರು ಹೊಸಬರೆಂದೇ ಲೆಕ್ಕ.
ಗಾಳಿ ಅದನ್ನು ಕಸಿದು, ತಿರುಚಿ,
ಕಡ್ಡಿ ಮಾತ್ರ ಹಿಂದಿರುಗಿಸುತ್ತದೆ.
ಮಳೆಯೂ ಅಷ್ಟೆ, ವರ್ಷಕ್ಕೆ ನಾಲ್ಕಾರು ಸಲ
ದಾರಿ ತಪ್ಪಿ ಬಂದವರಂತೆ ಬಂದು
ಕಾಲುವೆಯ ಪಾಳಿಯ ಜಗಳ ನೋಡಿ ಹೋಗುತ್ತದೆ.

ಹಾಡುಗಳ ತುಂಬ ಮಾತ್ರ ಮಳೆ.
ಸೋನೆಗೊಂದು ಪದ, ಜಡಿಗಿನ್ನೊಂದು,
ಗುಡ್ಡದ ಬೆನ್ನಿಳಿದು ಓರೆಯಾಗಿ ಬರುವುದಕ್ಕೆ ಮತ್ತೊಂದು.
ಹಡಗು ಹತ್ತಿದ ಮುತ್ತಜ್ಜಿಯರು ಕಟ್ಟಿ ತಂದದ್ದು.
ಬಳಕೆಯಿಲ್ಲದೆ ಇನ್ನೂ ಹೊಸದಾಗಿವೆ,
ಮದುವೆಗೆ ಕೊಟ್ಟು ಕಪಾಟಿನಲ್ಲೇ ಉಳಿದ ಪಿಂಗಾಣಿಯ ಹಾಗೆ.

ಟ್ರೆಲೇವಿನ ಅಂಗಡಿಯಿಂದ, ನೋಡೋಣ ಎಂದು,
ಕಪ್ಪು ಕೊಡೆಯೊಂದು ಬಂತು.
ಅಂಗಳದ ಗೋಡೆಯ ಮರೆಗೆ ಎರ್ಸೀಲಿಯಾ ಬಿಚ್ಚಿ ನಿಂತಳು.
ಟುಡುರ್ ಕುರ್ಚಿ ಹತ್ತಿ
ಜೆರೇನಿಯಮ್ಮಿಗೆ ಹಾಕುವ ಝಾರಿಯಿಂದ ಸುರಿದ.
ನಾವೆಲ್ಲ ನಗಾಡಿದೆವು.
ಅವಳು ಕೈಯೆತ್ತಿದಳು, ಅದೇ ಕೈ, ಸುಮ್ಮನಿರಿ ಎನ್ನುವ ಕೈ.

ಝಾರಿ ಮುಗಿಯಿತು. ಇನ್ನೊಂದು ತಾ, ಅಂದಳು.
ಅದೂ ಮುಗಿಯಿತು.
ತೊಟ್ಟಿಕ್ಕುತ್ತಿದ್ದ ಅಂಚಿನ ಕೆಳಗಿಂದಲೇ ಹೇಳಿದಳು:
ಐವತ್ತು ವರ್ಷ ನಾನು ನಿಮಗೆ
ಆಲಿಕಲ್ಲು ಹಾಡಿಸಿದೆನಲ್ಲೆ.

ಒಳಗೆ ಬಂದು ಮೊದಲಿನಿಂದ ಹಿಡಿದೆವು.
ಟುಡುರ್‌ನ ದೊಡ್ಡ ಕೊರಳು ಮೊದಲ ಸಲ
ಯಾರದೋ ಹೆಗಲ ಮೇಲೆ ಇಳಿಯುವಂತೆ ಇಳಿಯಿತು.
ಎರಡನೆಯ ಚರಣದಲ್ಲಿ ಎಲ್ವೀರಾ ಹಾಡು ನಿಲ್ಲಿಸಿ
ಕಿಟಕಿಯ ಕಡೆ ತಿರುಗಿದಳು.
ಬಾಗಿಲು ಬಡಿಯುತ್ತಲೇ ಇತ್ತು.
ಒಣ ಧೂಳು. ಬೇರೇನಿಲ್ಲ.

ರಾತ್ರಿ ಪುಸ್ತಕ ತೆರೆದು ಬರೆದೆ:
ಟಿಕೆಟ್ಟು ಆರು, ಮಿಕ್ಕಿದ್ದಕ್ಕೆ ಇನ್ನೂ ನಾಲ್ಕು ಭಾನುವಾರದ ಚಹಾ,
ಪೆಸೊ ಅಲ್ಲಿಯವರೆಗೆ ನಿಂತರೆ.
ಕೊಡೆ ಒಂದು. ಒದ್ದೆಯಾದ್ದರಿಂದ
ಅಂಗಡಿಯವನು ವಾಪಸ್ಸು ತೆಗೆದುಕೊಳ್ಳುವುದಿಲ್ಲ.